ಇಂದಿನ ಬೆದೆ, ಮುಂದಿನ ವರ್ಷದ ಬಟವಾಡೆ
ಕರು ಹಾಕುವ ತಿಂಗಳನ್ನು ಲೆಕ್ಕ ಹಾಕಿ ಹೊಂದಿಸಿಕೊಳ್ಳುವ ಬಗೆ



ಜೂನ್ ಬಂತೆಂದರೆ ನಮ್ಮ ಹಳ್ಳಿ ಮನೆಗಳಿಗೆ ಖರ್ಚಿನ ತಿಂಗಳು. ಮಕ್ಕಳಿಗೆ ಪುಸ್ತಕ, ಬ್ಯಾಗು, ಬಟ್ಟೆ ಬೇಕು. ಹೊಲಕ್ಕೆ ಬಿತ್ತನೆ ಬೀಜ, ಗೊಬ್ಬರ ತರಬೇಕು. ಆದರೆ ಅದೇ ತಿಂಗಳು ಸಂಘದ ಪುಸ್ತಕ ತೆಗೆದು ನೋಡಿದರೆ ಎಷ್ಟೋ ಜನ ಸದಸ್ಯೆಯರ ಹೆಸರಿನ ಮುಂದೆ ಲೀಟರಿನ ಅಂಕಿಯೇ ಇರುವುದಿಲ್ಲ. "ಮೂರು ಹಸ ಅದಾವೆ ಮೇಡಂ, ಮೂರೂ ಒಂದೇ ಸಲ ಬತ್ತಿಬಿಟ್ವು. ಮನೆ ಟೀಗೂ ಪಾಕೀಟು ತರ್ತಿದೀವಿ" ಎಂಬ ಮಾತನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ಕೇಳಿದ್ದೇನೆ.

ಹಾಲು ಹಾಕುವವರ ಮನೆಗೇ ಪಾಕೀಟು ಹಾಲು! ಇದು ಹಣೆಬರಹವಲ್ಲ. ಜೂನ್ ತಿಂಗಳ ಈ ಬರಿದಾದ ಕ್ಯಾನು ಹಿಂದಿನ ಅಕ್ಟೋಬರ್ ತಿಂಗಳಲ್ಲೇ ನಿಶ್ಚಯವಾಗಿತ್ತು. ಹಸುವಿಗೆ ಯಾವ ದಿನ ಕೃತಕ ಗರ್ಭಧಾರಣೆ ಮಾಡಿಸುತ್ತೀರೋ ಅದೇ ದಿನ ಅದು ಯಾವಾಗ ಬತ್ತುತ್ತದೆ, ಯಾವಾಗ ಈಯುತ್ತದೆ, ಯಾವ ತಿಂಗಳು ಹೆಚ್ಚು ಹಾಲು ಕೊಡುತ್ತದೆ ಎಲ್ಲವೂ ಗೊತ್ತಾಗಿಹೋಗುತ್ತದೆ. ಆ ಒಂದು ದಿನದ ಮೇಲೆ ನಿಮಗೆ ಹಿಡಿತ ಸಿಕ್ಕಿದರೆ ವರ್ಷದ ಬಟವಾಡೆಯ ಮೇಲೆ ಹಿಡಿತ ಸಿಕ್ಕಿದಂತೆ. ಈ ಸಂಚಿಕೆಯಲ್ಲಿ ಆ ಲೆಕ್ಕವನ್ನು ಒಟ್ಟಿಗೆ ಹಾಕೋಣ.

ಹಸುವಿಗೆ ಭಾನುವಾರವಿಲ್ಲ

ಪಕ್ಕದ ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ನೆನಪಿಸಿಕೊಳ್ಳಿ. ಶೇಂಗಾ ಕಾಯಿ ಬಂದರೆ ಗೋದಾಮಿನಲ್ಲಿ ತುಂಬಿಡುತ್ತಾರೆ. ಎಣ್ಣೆಗೆ ಬೇಡಿಕೆ ಬಂದಾಗ ಗಿರಣಿ ಓಡಿಸುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಇಂಥ ದಿನ ಇಷ್ಟು ಮಾಲು ತಯಾರಿಸಬೇಕು, ಇಂಥ ದಿನ ಲಾರಿಗೆ ಹಾಕಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಎಲ್ಲ ಕಾರ್ಖಾನೆಗಳ ಪದ್ಧತಿ.

ಹಾಲಿನ ಕಾರ್ಖಾನೆಗೆ ಆ ಅನುಕೂಲ ಇಲ್ಲ. ಕೆಚ್ಚಲಿಗೆ ಹಾಲು ಇಳಿಯುವುದನ್ನು ಸ್ವಿಚ್ಚು ಒತ್ತಿ ನಿಲ್ಲಿಸಲಾಗದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೆಯಲೇಬೇಕು. ಕರೆದದ್ದನ್ನು ಮಾರಲೇಬೇಕು, ಇಲ್ಲವೇ ಕೆಡುವ ಮೊದಲು ಬೇರೆ ಪದಾರ್ಥ ಮಾಡಬೇಕು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಹೋಟೆಲು, ಮದುವೆ ಛತ್ರ, ಸಿಹಿ ಅಂಗಡಿ ಎಲ್ಲ ಬಾಗಿಲು ಹಾಕಿದವು, ಆದರೆ ಹಸುಗಳು ಕೊಡುವುದನ್ನು ನಿಲ್ಲಿಸಲಿಲ್ಲ. ಉಳಿದ ಹಾಲನ್ನು ಸರ್ಕಾರ ಏಪ್ರಿಲ್ ತಿಂಗಳಲ್ಲಿ ಬಡ ಕುಟುಂಬಗಳಿಗೆ ಉಚಿತವಾಗಿ ಹಂಚಿಸಿತು.

ಆದ್ದರಿಂದ ಹಾಲಿನ ವ್ಯವಹಾರದಲ್ಲಿ ಯೋಜನೆ ಕಾರ್ಖಾನೆಯಲ್ಲಿ ಶುರುವಾದರೆ ಸಾಲದು, ಅದಕ್ಕೂ ಒಂಬತ್ತು ತಿಂಗಳ ಹಿಂದೆ ನಿಮ್ಮ ಕೊಟ್ಟಿಗೆಯಲ್ಲಿ ಶುರುವಾಗಬೇಕು.

ಸುಗ್ಗಿ ಒಂದೇ ಸಲ ಏಕೆ ಬರುತ್ತದೆ?

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಹಿರಿಯೂರು ಕಡೆಯಂತೂ ಒಳ್ಳೆಯ ಮಳೆ ಕಾಣುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆಗ ಬದುವಿನ ಮೇಲೆ ಹಸಿರು ಹುಲ್ಲು, ಶೇಂಗಾ ಬಳ್ಳಿ, ಮೆಕ್ಕೆಜೋಳದ ಸಪ್ಪೆ, ಆಮೇಲೆ ರಾಗಿ ಹುಲ್ಲು ಸಿಗುತ್ತದೆ. ಹೊಟ್ಟೆ ತುಂಬಿದ ಹಸು ಸರಿಯಾಗಿ ಬೆದೆಗೆ ಬರುತ್ತದೆ, ಗಬ್ಬವೂ ನಿಲ್ಲುತ್ತದೆ. ಎಮ್ಮೆಗಳಂತೂ ಹಗಲು ಚಿಕ್ಕದಾಗುವ ಕಾಲದಲ್ಲೇ, ಅಂದರೆ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ, ಹೆಚ್ಚಾಗಿ ಬೆದೆಗೆ ಬರುತ್ತವೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲಿನ ಬೇಗೆ, ಒಣ ಮೇವು. ಬೆದೆ ಮಂಕಾಗಿ ಕಾಣುತ್ತದೆ, ಹಾಕಿಸಿದರೂ ಗಬ್ಬ ನಿಲ್ಲುವುದು ಕಡಿಮೆ.

ಫಲ ಏನು? ಅಕ್ಟೋಬರ್‌ನಿಂದ ಜನವರಿಯವರೆಗೆ ಗಬ್ಬ ಕಟ್ಟಿದ ಹಸುಗಳೆಲ್ಲ ಜುಲೈನಿಂದ ಅಕ್ಟೋಬರ್ ಒಳಗೆ ಸಾಲಾಗಿ ಈಯುತ್ತವೆ. ಮಳೆಗಾಲದ ನಂತರ ಸಂಘದ ಮುಂದೆ ಕ್ಯಾನು ಸಾಲುಗಟ್ಟಿದರೆ, ಬೇಸಿಗೆಯಲ್ಲಿ ಹಾಲಿನ ಗಾಡಿ ಅರ್ಧ ಖಾಲಿ ಹೋಗುತ್ತದೆ.

ಇದು ನಮ್ಮೊಬ್ಬರ ಕಷ್ಟವಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಆಣಂದ್‌ನಿಂದ ರೈಲಿನಲ್ಲಿ ಮುಂಬೈಗೆ ಹಾಲು ಕಳುಹಿಸುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಬೇಸಿಗೆಯ ಎರಡು ಪಟ್ಟಿಗೂ ಹೆಚ್ಚು ಎಮ್ಮೆ ಹಾಲು ಬರುತ್ತಿತ್ತು. ಮುಂಬೈಗೆ ಅಷ್ಟು ಬೇಡವಾದಾಗ ಉಳಿದದ್ದಕ್ಕೆ ದಾರಿ ಇರಲಿಲ್ಲ. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಆಗ ಪರದೇಶದ ತಜ್ಞರು ನಂಬಿದ್ದರು. ಆಣಂದ್‌ನ ಎಚ್.ಎಂ. ದಲಾಯ ಅವರು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಅಲ್ಲಿನ ಪುಡಿ ಕಾರ್ಖಾನೆಯನ್ನು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಅಲ್ಲಿಂದ ಮುಂದೆ ಸುಗ್ಗಿಯ ಹಾಲು ಪುಡಿ, ಬೆಣ್ಣೆಯಾಗಿ ಉಳಿಯಲು ಸಾಧ್ಯವಾಯಿತು.

ಇವತ್ತು ನಮ್ಮ ರಾಜ್ಯದಲ್ಲೂ ಅದೇ ನಡೆಯುತ್ತಿದೆ. 2013ರ ಆಗಸ್ಟ್ 1ರಿಂದ ನಡೆಯುತ್ತಿರುವ ಕ್ಷೀರಭಾಗ್ಯ ಯೋಜನೆಯಲ್ಲಿ ನಿಮ್ಮ ಊರಿನ ಶಾಲೆಯ ಮಗು ಕುಡಿಯುವ 150 ಮಿ.ಲೀ. ಹಾಲು ಆಗುವುದು 18 ಗ್ರಾಂ ಪುಡಿಯಿಂದ. ಆದರೆ ಪುಡಿ ಮಾಡುವುದು ಅಗ್ಗದ ಕೆಲಸವಲ್ಲ. ನೂರು ಲೀಟರ್ ಹಾಲಿನಲ್ಲಿ ಸುಮಾರು 87 ಲೀಟರ್ ನೀರೇ ಇದೆ. ಅದನ್ನೆಲ್ಲ ಆವಿ ಮಾಡಲು ಉರುವಲು ಬೇಕು, ಯಂತ್ರ ಬೇಕು, ಮಾಡಿದ್ದನ್ನು ಇಡಲು ಗೋದಾಮು ಬೇಕು. ಆ ಖರ್ಚು ಕೊನೆಗೆ ನಮ್ಮ ಒಕ್ಕೂಟದ ಮೇಲೆ, ಅಂದರೆ ನಮ್ಮೆಲ್ಲರ ಮೇಲೇ ಬೀಳುತ್ತದೆ.

ಮೂರು ಹಸುವಿನ ಲೆಕ್ಕ

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಗೌರಿ, ತುಂಗೆ, ಕಾವೇರಿ ಎಂಬ ಮೂರು ಮಿಶ್ರತಳಿ ಹಸುಗಳಿವೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಪ್ರತಿ ಹಸುವೂ ಈದ ಮೊದಲ ತಿಂಗಳುಗಳಲ್ಲಿ ದಿನಕ್ಕೆ 12 ಲೀಟರ್, ನಡುವೆ 8 ಲೀಟರ್, ಬತ್ತುವ ಮೊದಲು 5 ಲೀಟರ್ ಕೊಡುತ್ತದೆ ಎನ್ನೋಣ.

ಹಸುವಿನ ಗಬ್ಬದ ಕಾಲ ಸುಮಾರು 280 ದಿನ. ಮೂರಕ್ಕೂ ಅಕ್ಟೋಬರ್ 1ರ ಆಸುಪಾಸಿನಲ್ಲಿ ಗಬ್ಬ ನಿಂತರೆ ಮೂರೂ ಜುಲೈ 8ರ ಸುಮಾರಿಗೆ ಈಯುತ್ತವೆ. ಈಯುವ ಎರಡು ತಿಂಗಳು ಮೊದಲು ಹಾಲು ಬತ್ತಿಸಲೇಬೇಕು. ಅಂದರೆ ಮೇ 9ರಿಂದ ಜುಲೈ 8ರವರೆಗೆ ನಿಮ್ಮ ಮನೆಯಿಂದ ಸಂಘಕ್ಕೆ ಒಂದು ಲೀಟರೂ ಹೋಗುವುದಿಲ್ಲ. ಆಗಸ್ಟ್‌ನಲ್ಲಿ ದಿನಕ್ಕೆ 36 ಲೀಟರ್ ಇದ್ದದ್ದು ಏಪ್ರಿಲ್ ಹೊತ್ತಿಗೆ 15ಕ್ಕೆ ಇಳಿದು, ಮೇ ತಿಂಗಳಲ್ಲಿ ಸೊನ್ನೆ. ಆ ಎರಡು ತಿಂಗಳೂ ಮೂರು ಬಾಯಿಗೆ ಮೇವು, ಹಿಂಡಿ ಹಾಕುವುದು ಮಾತ್ರ ತಪ್ಪುವುದಿಲ್ಲ.

ಈಗ ಅದೇ ಮೂರು ಹಸುವನ್ನು ನಾಲ್ಕು ನಾಲ್ಕು ತಿಂಗಳ ಅಂತರದಲ್ಲಿ ಹೊಂದಿಸಿ ನೋಡಿ.

ಗೌರಿ: ಅಕ್ಟೋಬರ್ 1ಕ್ಕೆ ಗಬ್ಬ, ಮೇ 9ಕ್ಕೆ ಬತ್ತಿಸುವುದು, ಜುಲೈ 8ಕ್ಕೆ ಕರು.
ತುಂಗೆ: ಫೆಬ್ರವರಿ 1ಕ್ಕೆ ಗಬ್ಬ, ಸೆಪ್ಟೆಂಬರ್ 9ಕ್ಕೆ ಬತ್ತಿಸುವುದು, ನವೆಂಬರ್ 8ಕ್ಕೆ ಕರು.
ಕಾವೇರಿ: ಜೂನ್ 1ಕ್ಕೆ ಗಬ್ಬ, ಜನವರಿ 7ಕ್ಕೆ ಬತ್ತಿಸುವುದು, ಮಾರ್ಚ್ 8ಕ್ಕೆ ಕರು.

ವರ್ಷದ ಯಾವ ದಿನ ತೆಗೆದುಕೊಂಡರೂ ಬತ್ತಿರುವುದು ಹೆಚ್ಚೆಂದರೆ ಒಂದೇ ಹಸು. ಒಂದು ಹಸು ಬತ್ತಿದಾಗ ಉಳಿದ ಎರಡರಿಂದ ದಿನಕ್ಕೆ 20 ಲೀಟರ್ ಹತ್ತಿರ, ಮೂರೂ ಕರಾವಿನಲ್ಲಿದ್ದಾಗ 25ರ ಮೇಲೆ. ವರ್ಷದ ಒಟ್ಟು ಹಾಲು ಹೆಚ್ಚುಕಡಿಮೆ ಮೊದಲಿನಷ್ಟೇ. ಆದರೆ ಒಂದು ಬಟವಾಡೆಯೂ ತಪ್ಪುವುದಿಲ್ಲ. ಜೂನ್‌ನಲ್ಲಿ ಕೈಸಾಲಕ್ಕೆ ಹೋಗುವುದು, ಗಬ್ಬದ ಹಸುವನ್ನು ಕಡಿಮೆ ಬೆಲೆಗೆ ಕೊಟ್ಟುಬಿಡುವುದು ಎರಡೂ ತಪ್ಪುತ್ತದೆ.

ಇನ್ನೊಂದು ಗಮನಿಸಿ: ಈ ಮೂರು ದಿನಾಂಕಗಳಲ್ಲಿ ಯಾವುದೂ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸಿಕ್ಕುವುದಿಲ್ಲ. ಬೇಸಿಗೆಯಲ್ಲಿ ಗಬ್ಬ ನಿಲ್ಲುವುದು ಕಷ್ಟ ಎಂಬ ತೊಡಕು ಅರ್ಧ ಅಲ್ಲೇ ಕಳೆಯಿತು.

ಹೊಂದಿಸುವುದು ಹೇಗೆ?

"ಈಗಾಗಲೇ ಮೂರೂ ಒಟ್ಟಿಗೆ ಈದಿವೆ, ಏನು ಮಾಡಲಿ?" ಎಂದು ನೀವು ಕೇಳಬಹುದು. ಒಂದೇ ವರ್ಷದಲ್ಲಿ ಸರಿಹೋಗುವುದಿಲ್ಲ. ಎರಡು ಮೂರು ಈಯುವಿಕೆಯಲ್ಲಿ ಹದಕ್ಕೆ ಬರುತ್ತದೆ. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ತಡೆಯುವುದು. ಈದ 60 ದಿನದ ನಂತರ ಬರುವ ಬೆದೆಗೆ ಹಾಕಿಸುವುದು ವಾಡಿಕೆ. ಮೂರರಲ್ಲಿ ಹೆಚ್ಚು ಹಾಲು ಕೊಡುವ, ಹಾಲು ಬೇಗ ಇಳಿಯದ ಹಸುವನ್ನು ಆರಿಸಿ ಅದಕ್ಕೆ ಒಂದು ಬೆದೆ, ಹೆಚ್ಚೆಂದರೆ ಎರಡು ಬೆದೆ ಬಿಟ್ಟು ಹಾಕಿಸಿ. ಒಂದು ಬೆದೆ ಎಂದರೆ 21 ದಿನ. ಅದಕ್ಕಿಂತ ಹೆಚ್ಚು ತಡೆಯಬೇಡಿ. ಕಡಿಮೆ ಹಾಲಿನ ಹಸುವನ್ನಾಗಲಿ, ಎರಡು ಮೂರು ಸಲ ಹಾಕಿಸಿದರೂ ಗಬ್ಬ ನಿಲ್ಲದ ಹಸುವನ್ನಾಗಲಿ ತಡೆಯಲೇಬೇಡಿ. ಅಲ್ಲಿ ನಷ್ಟವೇ ಹೆಚ್ಚು.

ಎರಡನೆಯದು, ಕಡಸು. ಮನೆಯಲ್ಲಿ ಬೆಳೆದ ಕಡಸು ತೂಕಕ್ಕೆ ಬಂದಾಗ, ಮಿಶ್ರತಳಿಯಾದರೆ ಸುಮಾರು 250 ಕೆ.ಜಿ. ಆದಾಗ, ಅದರ ಮೊದಲ ಗರ್ಭಧಾರಣೆಯನ್ನು ಖಾಲಿ ತಿಂಗಳಿಗೆ ಹೊಂದುವಂತೆ ಒಂದೆರಡು ಬೆದೆ ಆಚೀಚೆ ಮಾಡಬಹುದು. ಕರುವಿಗೆ ಮೊದಲ ದಿನದಿಂದ ಗಿಣ್ಣು, ಹಾಲು, ಜಂತುನಾಶಕ, ಖನಿಜ ಮಿಶ್ರಣ ಸರಿಯಾಗಿ ಸಿಕ್ಕಿದ್ದರೆ ಮಾತ್ರ ಆ ಕಡಸು ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ.

ಮೂರನೆಯದು, ಕೊಳ್ಳುವಾಗಿನ ಎಚ್ಚರ. ಸಾಲ ಮಂಜೂರಾಯಿತು ಎಂದು ಸಂತೆಗೆ ಹೋಗಿ ಕಣ್ಣಿಗೆ ಕಂಡ ಹೊಸದಾಗಿ ಈದ ಹಸುವನ್ನು ಹೊಡೆದುಕೊಂಡು ಬರುತ್ತೇವೆ. ಹೊರಡುವ ಮೊದಲು ಕೊಟ್ಟಿಗೆ ನೋಡಿ. ಮನೆಯಲ್ಲಿರುವ ಹಸುಗಳು ಜುಲೈನಲ್ಲಿ ಈಯುವಂಥವಾದರೆ ನಿಮಗೆ ಬೇಕಾದದ್ದು ನವೆಂಬರ್ ಅಥವಾ ಮಾರ್ಚ್‌ನಲ್ಲಿ ಈಯುವ ಹಸು. ಬೆಲೆ ಕೇಳುವ ಮೊದಲು ಈದ ತಿಂಗಳು ಕೇಳಿ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಬೆದೆ ಗುರುತಿಸುವ ಕಣ್ಣಿನ ಮೇಲೆ. ಆ ಕಣ್ಣು ನಿಮ್ಮದು. ಬೆಳಗಿನ ಜಾವ ಸಗಣಿ ಬಾಚುವಾಗ, ರಾತ್ರಿ ಮಲಗುವ ಮುನ್ನ ಒಮ್ಮೆ ಹಸುವಿನ ಹಿಂಭಾಗ ನೋಡಿ. ಗಾಜಿನಂತೆ ತಿಳಿಯಾದ ಲೋಳೆ, ಸುಮ್ಮನೆ ಕೂಗುವುದು, ಬೇರೆ ಹಸು ಮೇಲೆ ಹತ್ತಿದರೂ ಅಲುಗದೆ ನಿಲ್ಲುವುದು, ಹಾಲು ಒಂದು ಹೊತ್ತು ಕಡಿಮೆಯಾಗುವುದು ಇವು ಬೆದೆಯ ಗುರುತು. ಬೆಳಿಗ್ಗೆ ಕಂಡರೆ ಅಂದು ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಿ. ಎಮ್ಮೆ ಬೆದೆಗೆ ಬಂದರೂ ಹೆಚ್ಚು ಕೂಗುವುದಿಲ್ಲ, ಬೇಸಿಗೆಯಲ್ಲಂತೂ ಮೂಗಿಯಂತೆ ಇರುತ್ತದೆ. ತಂಪು ಹೊತ್ತಿನಲ್ಲೇ ನೋಡಬೇಕು. ಒಂದು ಬೆದೆ ಕಣ್ಣು ತಪ್ಪಿದರೆ ಮುಂದಿನ ಎಲ್ಲ ದಿನಾಂಕವೂ 21 ದಿನ ಮುಂದಕ್ಕೆ ಹೋಯಿತು ಎಂದೇ ತಿಳಿಯಿರಿ.

ಒಂದೇ ಸಲಕ್ಕೆ ಎಲ್ಲ ಹಸುವಿಗೂ ಗಬ್ಬ ನಿಲ್ಲುವುದಿಲ್ಲ. ಫೆಬ್ರವರಿ ನಿಮ್ಮ ಗುರಿಯಾದರೆ ಜನವರಿಯ ಬೆದೆಯಿಂದಲೇ ಸಿದ್ಧವಾಗಿರಿ. ಹಾಕಿಸಿದ ಮೇಲೆ ಮತ್ತೆ ಬೆದೆಗೆ ಬರಲಿಲ್ಲ, ಆದ್ದರಿಂದ ಗಬ್ಬವೇ ಎಂದು ಸುಮ್ಮನಿರಬೇಡಿ. ಎರಡರಿಂದ ಮೂರು ತಿಂಗಳ ಒಳಗೆ ಗಬ್ಬ ಪರೀಕ್ಷೆ ಮಾಡಿಸಿ. ಆರು ತಿಂಗಳು ಗಬ್ಬವೆಂದು ಸಾಕಿ, ಹಾಲು ಬತ್ತಿಸಿ, ಆಮೇಲೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಗೊತ್ತಾದ ಕೊಟ್ಟಿಗೆಗಳಿಗೆ ನಾನು ಹೋಗಿದ್ದೇನೆ. ಆ ಮನೆಯ ಹೆಣ್ಣುಮಗಳ ಮುಖ ನೋಡುವುದು ಕಷ್ಟ. ಅವಳ ವರ್ಷವೇ ಹೋಯಿತು. ಐದು ನಿಮಿಷದ ಪರೀಕ್ಷೆ ಅದನ್ನು ತಪ್ಪಿಸುತ್ತಿತ್ತು.

ಮೊದಲು ಮೇವು, ಆಮೇಲೆ ತಿಂಗಳು

ಪ್ರಪಂಚದ ಇನ್ನೊಂದು ಮೂಲೆಯಲ್ಲಿರುವ ನ್ಯೂಜಿಲೆಂಡ್‌ನಲ್ಲಿ ಹೆಚ್ಚಿನ ಹಸುಗಳನ್ನು ಬೇಕೆಂದೇ ಒಟ್ಟಿಗೆ ಈಯಿಸುತ್ತಾರೆ. ಅಲ್ಲಿ ಚಳಿಗಾಲ ಕಳೆಯುತ್ತಿದ್ದಂತೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಕರುಗಳು ಹುಟ್ಟುತ್ತವೆ. ಹುಲ್ಲು ಚಿಗುರುವ ಕಾಲಕ್ಕೆ ಹಾಲೂ ಏರುತ್ತದೆ. ಹೆಚ್ಚಿನ ಹಾಲು ಪುಡಿ, ಬೆಣ್ಣೆ, ಚೀಸ್ ಆಗಿ ಹಡಗು ಹತ್ತುತ್ತದೆ. ಅವರು ಹಾಲನ್ನು ಹುಲ್ಲಿಗೆ ಹೊಂದಿಸಿದರು, ಕಾರ್ಖಾನೆಯನ್ನು ಹಾಲಿಗೆ ಹೊಂದಿಸಿದರು. ನಮ್ಮ ಹಾಲು ಹೆಚ್ಚಾಗಿ ಹೋಗುವುದು ದಿನಬೆಳಗಾದರೆ ಟೀ ಕಾಸುವ ಮನೆಗಳಿಗೆ. ಆದ್ದರಿಂದ ನಾವು ವರ್ಷವಿಡೀ ಹಾಲು ಕೊಡಬೇಕು, ಅದಕ್ಕಾಗಿ ವರ್ಷವಿಡೀ ಮೇವು ಹೊಂದಿಸಬೇಕು. ಮೇವಿಲ್ಲದೆ ಬರೀ ದಿನಾಂಕ ಹೊಂದಿಸಿದರೆ ಮಾರ್ಚ್‌ನಲ್ಲಿ ಈದ ಕಾವೇರಿ 12 ಲೀಟರ್ ಕೊಡುವುದಿಲ್ಲ, ಬಡಕಲಾಗಿ ಮುಂದಿನ ಬೆದೆಯನ್ನೂ ತಪ್ಪಿಸುತ್ತಾಳೆ.

ಇದಕ್ಕೆ ರಸಮೇವು ಒಳ್ಳೆಯ ದಾರಿ. ಮೆಕ್ಕೆಜೋಳದ ತೆನೆಯ ಕಾಳು ಹಾಲು ಕಳೆದು ಹಿಟ್ಟುಗಟ್ಟುವ ಹೊತ್ತಿಗೆ ಇಡೀ ಗಿಡ ಕೊಯ್ದು, ಸಣ್ಣಗೆ ಕತ್ತರಿಸಿ, ಚೀಲದಲ್ಲೋ ಗುಂಡಿಯಲ್ಲೋ ತುಳಿದು ಗಾಳಿಯಾಡದಂತೆ ಮುಚ್ಚಿದರೆ ಸುಮಾರು 45 ದಿನದಲ್ಲಿ ಸಿದ್ಧ. ಒಂದು ಹಸುವಿಗೆ ದಿನಕ್ಕೆ 15 ಕೆ.ಜಿ.ಯಂತೆ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಿಗೆ ಸುಮಾರು 1,400 ಕೆ.ಜಿ. ಬೇಕು. ಚೆನ್ನಾಗಿ ಬೆಳೆದ ಮೆಕ್ಕೆಜೋಳವಾದರೆ ಐದಾರು ಗುಂಟೆ ಸಾಕು. ಹೊಳಲ್ಕೆರೆ, ಹೊಸದುರ್ಗ ಕಡೆ ತೆಂಗು, ಅಡಿಕೆ ತೋಟ ಇರುವವರು ನೀರು ಹಾಯುವ ಕಡೆ ನೇಪಿಯರ್ ಹುಲ್ಲು ಹಾಕಿಕೊಳ್ಳಬಹುದು. ಹಿರಿಯೂರಿನ ಖುಷ್ಕಿ ಹೊಲದವರು ಶೇಂಗಾ ಬಳ್ಳಿ, ರಾಗಿ ಹುಲ್ಲಿನ ಬಣವೆಯನ್ನು ಮಳೆಗೆ ನೆನೆಯದಂತೆ ಕಾಪಾಡಿಕೊಳ್ಳಬೇಕು. ಜೊತೆಗೆ ಬೇಸಿಗೆಯಲ್ಲಿ ನೆರಳು, ದಿನವಿಡೀ ಕುಡಿಯಲು ತಂಪು ನೀರು ಇರಲಿ. ಇದು ಹಿಂಡಿಗಿಂತ ಅಗ್ಗ.

ಕರೆದ ಮೇಲಿನ ಗಡಿಯಾರ

ವರ್ಷದ ಲೆಕ್ಕ ಮುಗಿಯಿತು, ಇನ್ನು ದಿನದ ಲೆಕ್ಕ. ಪಟ್ಟಣದ ಮನೆಯೊಂದರಲ್ಲಿ ನಾಳೆ ಬೆಳಿಗ್ಗೆ ಆರಕ್ಕೆ ಟೀ ಕಾಯಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ. ಬೂತಿಗೆ ಪಾಕೀಟು ನಸುಕಿಗೇ ತಲುಪಬೇಕು. ಅದಕ್ಕೆ ಡೇರಿಯಿಂದ ವಾಹನ ರಾತ್ರಿಯೇ ಹೊರಡಬೇಕು. ಅದಕ್ಕೂ ಮೊದಲು ಹಾಲು ಪಾಶ್ಚರೀಕರಣವಾಗಿ, ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾದು ಕೂಡಲೇ ತಣಿದು, ಪಾಕೀಟಾಗಬೇಕು. ಮೊಸರಾದರೆ ಹೆಪ್ಪುಗಟ್ಟಲು ಇನ್ನಷ್ಟು ಗಂಟೆ. ಅದಕ್ಕೂ ಮೊದಲು ಟ್ಯಾಂಕರ್ ಬರಬೇಕು. ನಮ್ಮ ಒಕ್ಕೂಟದ ಮುಖ್ಯ ಡೇರಿ ಇರುವುದು ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ. ಹಿರಿಯೂರಿನಿಂದ ಚಿತ್ರದುರ್ಗಕ್ಕೇ ಸುಮಾರು 40 ಕಿ.ಮೀ., ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೂ ನೂರರ ಮೇಲೆ. ಈ ಸರಪಳಿಯ ಮೊದಲ ಕೊಂಡಿ ನಿಮ್ಮ ಕೈಯ ತಂಬಿಗೆ.

ಹಾಲಿನ ಗಾಡಿ ಹತ್ತು ನಿಮಿಷವೂ ಕಾಯುವುದಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತೇವೆ. ಹತ್ತು ಊರಲ್ಲಿ ಹತ್ತು ಹತ್ತು ನಿಮಿಷ ಕಾದರೆ ನೂರು ನಿಮಿಷ. ಕರೆದ ಹಾಲಿಗೆ ತನ್ನದೇ ರಕ್ಷಣೆ ಸ್ವಲ್ಪ ಇರುತ್ತದೆ, ಆದರೆ ನಮ್ಮ ಸೆಕೆಗೆ ಅದು ಎರಡು ಮೂರು ಗಂಟೆಯ ಮಾತು. ಆಮೇಲೆ ಹುಳಿಯ ಸೂಕ್ಷ್ಮಜೀವಿ ಅರ್ಧ ಗಂಟೆಗೊಮ್ಮೆ ಎರಡು ಪಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಒಂದಿದ್ದದ್ದು ಎರಡು ಗಂಟೆಯಲ್ಲಿ 16, ನಾಲ್ಕು ಗಂಟೆಯಲ್ಲಿ 256. ಅಷ್ಟರೊಳಗೆ ಹಾಲು ಶೀತಲೀಕರಣ ತೊಟ್ಟಿ ಸೇರಿ 4 ಡಿಗ್ರಿಗೆ ಇಳಿಯಬೇಕು. ಆದ್ದರಿಂದ ಗಾಡಿಯ ಹೊತ್ತು ನೋಡಿಕೊಂಡು ಕರೆಯುವ ಹೊತ್ತು ಇಟ್ಟುಕೊಳ್ಳಿ. ಕರೆದು ಇಟ್ಟು ಬೇರೆ ಕೆಲಸ ಮುಗಿಸಿ ಹೋಗುವ ಬದಲು, ಬೇರೆ ಕೆಲಸ ಮುಗಿಸಿ ಕರೆದು ನೇರ ಹೋಗಿ. ರಾತ್ರಿ ಉಳಿದ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬೇಡಿ. ಪ್ಲಾಸ್ಟಿಕ್ ಬಿಂದಿಗೆ ಬೇಡ, ಸ್ಟೀಲ್ ಪಾತ್ರೆ ಇರಲಿ.

ಪಶುವೈದ್ಯಳಾಗಿ ಇನ್ನೊಂದು ಮಾತು ಹೇಳಲೇಬೇಕು. ಸಂಘದಲ್ಲಿ ಸುರಿದ ಮೇಲೆ ನಿಮ್ಮ ಹಾಲು, ನನ್ನ ಹಾಲು ಎಂಬುದಿಲ್ಲ. ಎಲ್ಲ ಒಂದೇ ತೊಟ್ಟಿ, ಒಂದೇ ಟ್ಯಾಂಕರ್. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ನಾವು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ. ಆ ಔಷಧ ಮೊಸರಿನ ಹೆಪ್ಪಿನ ಜೀವಿಯನ್ನೂ ಕೊಲ್ಲುತ್ತದೆ. ಇಂಥ ಹಾಲು ಸೇರಿದರೆ ಮೊಸರು ಕಟ್ಟುವುದಿಲ್ಲ, ಮತ್ತು ಕುಡಿದ ಮಗುವಿನ ಮೈಗೂ ಆ ಔಷಧ ಸೇರುತ್ತದೆ. ನಿಮ್ಮ ಮನೆಯ ನಾಲ್ಕು ಲೀಟರಿಗಾಗಿ ಅಕ್ಕಪಕ್ಕದ ನೂರು ಮನೆಯ ಹಾಲು ಹಾಳಾಗಬಾರದು.

ಊರೇ ಸೇರಿ ಲೆಕ್ಕ ಹಾಕಿದರೆ

ಒಬ್ಬರ ಮನೆಯಲ್ಲಿ ಒಂದೇ ಹಸುವಿದ್ದರೆ ಹೊಂದಿಸಲು ಏನಿದೆ ಎನ್ನಬೇಡಿ. ನಿಮ್ಮ ಸಂಘದಲ್ಲಿ ಅರವತ್ತು ಸದಸ್ಯೆಯರಿದ್ದರೆ ಅದು ಅರವತ್ತು ಹಸುವಿನ ಒಂದು ದೊಡ್ಡ ಕೊಟ್ಟಿಗೆ. ಅಕ್ಕತಂಗಿಯರ ಎರಡು ಮನೆಗಳು ಬೇರೆ ಬೇರೆ ತಿಂಗಳಿಗೆ ಹೊಂದಿಸಿಕೊಂಡರೆ ಮನೆ ಬಳಕೆಯ ಹಾಲು, ಮೇವು, ಕೈಗಡ ಒಬ್ಬರಿಗೊಬ್ಬರು ಆಗುತ್ತಾರೆ. ಗಾಡಿ ತುಂಬಿ ಹೋದರೂ ಅರ್ಧ ಹೋದರೂ ಡೀಸೆಲ್ ಖರ್ಚು ಅಷ್ಟೇ. ಬೇಸಿಗೆಯಲ್ಲೂ ಗಾಡಿ ತುಂಬಿದರೆ ಲೀಟರಿನ ಮೇಲಿನ ಸಾಗಣೆ ಖರ್ಚು ಇಳಿಯುತ್ತದೆ.

ಸಂಘದ ಕೃತಕ ಗರ್ಭಧಾರಣೆ ಪುಸ್ತಕವನ್ನು ಹಳೆಯ ಲೆಕ್ಕದ ಕಡತವೆಂದು ಮೂಲೆಗಿಡಬೇಡಿ. ಈ ತಿಂಗಳು ಎಷ್ಟು ಹಸುವಿಗೆ ಹಾಕಿಸಿದೆ ಎಂದು ಅದರಲ್ಲಿ ಎಣಿಸಿದರೆ ಒಂಬತ್ತು ತಿಂಗಳ ನಂತರ ಎಷ್ಟು ಕ್ಯಾನು ಹೆಚ್ಚುತ್ತದೆ ಎಂದು ಅಂದಾಜು ಸಿಗುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿ, ಹಾಕಿಸಿದ ದಿನಾಂಕ, ಗಬ್ಬ ಪರೀಕ್ಷೆಯ ಫಲ ಮೂರನ್ನೂ ತಪ್ಪದೆ ಬರೆಸಿ.

ಮನೆಯ ಪ್ರತಿಯೂ ಇರಲಿ. ಈಗ ಆ ಚೀಟಿ ಎಲ್ಲಿರುತ್ತದೆ? ಯಜಮಾನರ ಅಂಗಿ ಜೇಬಿನಲ್ಲಿದ್ದು ಮುಂದಿನ ಒಗೆತಕ್ಕೆ ಹಿಟ್ಟಾಗುತ್ತದೆ! ಹಸು ನೋಡಿಕೊಳ್ಳುವವರು ನೀವು, ದಿನಾಂಕವೂ ನಿಮ್ಮ ಕೈಯಲ್ಲೇ ಇರಲಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಓದಲು ಬರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿ, ಹಸುವಿಗೊಂದು ಬಣ್ಣದ ಚುಕ್ಕೆ ಇಡಿಸಿ.

ಗೋಡೆಗೆ ಅಂಟಿಸಿಕೊಳ್ಳುವ ಲೆಕ್ಕ

* ಬೆದೆ ತಪ್ಪಿದರೆ ಅಥವಾ ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆ: 21 ದಿನಕ್ಕೆ.
* ಗಬ್ಬ ಪರೀಕ್ಷೆ: ಹಾಕಿಸಿದ 2ರಿಂದ 3 ತಿಂಗಳ ಒಳಗೆ.
* ಹಸುವಿನ ಹಾಲು ಬತ್ತಿಸುವುದು: ಹಾಕಿಸಿದ 7 ತಿಂಗಳು 1 ವಾರಕ್ಕೆ.
* ಹಸು ಈಯುವುದು: ಹಾಕಿಸಿದ 9 ತಿಂಗಳು 1 ವಾರಕ್ಕೆ.
* ಎಮ್ಮೆ ಈಯುವುದು: ಹಾಕಿಸಿದ 10 ತಿಂಗಳು 1 ವಾರಕ್ಕೆ.
* ಈದ ಮೇಲೆ ಮತ್ತೆ ಹಾಕಿಸುವುದು: 60 ದಿನದ ನಂತರದ ಬೆದೆಗೆ.

ನಾಲ್ಕೈದು ದಿನ ಹಿಂದೆ ಮುಂದೆ ಆಗುವುದು ಸಹಜ, ಗಾಬರಿ ಬೇಡ. ಹತ್ತು ದಿನ ಮೀರಿದರೆ ನಮಗೆ ತಿಳಿಸಿ.

ಈ ಸಂಚಿಕೆ ಓದಿ ಮಡಿಸಿಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕೊಟ್ಟಿಗೆಯ ಪ್ರತಿ ಹಸು, ಎಮ್ಮೆ, ಕಡಸಿನ ಮುಂದೆ ಎರಡು ತಿಂಗಳನ್ನು ಬರೆಯಿರಿ: ಅದು ಬತ್ತುವ ತಿಂಗಳು ಮತ್ತು ಈಯುವ ತಿಂಗಳು. ಒಂದೇ ತಿಂಗಳು ಎರಡು ಸಲ ಬಂದಿದ್ದರೆ ಅಲ್ಲಿ ಗೆರೆ ಎಳೆಯಿರಿ. ಮುಂದಿನ ಸಲ ನಾನೋ ನಮ್ಮ ಕೃತಕ ಗರ್ಭಧಾರಣೆ ಕಾರ್ಯಕರ್ತರೋ ನಿಮ್ಮ ಊರಿಗೆ ಬಂದಾಗ ಆ ಹಾಳೆ ತನ್ನಿ. ಯಾವ ಹಸುವಿಗೆ ಯಾವ ಬೆದೆಗೆ ಹಾಕಿಸುವುದು ಎಂದು ಕಟ್ಟೆಯ ಮೇಲೆ ಕೂತು ಒಟ್ಟಿಗೆ ಗೊತ್ತು ಮಾಡೋಣ.

ನಿಮ್ಮ
ಪಶುವೈದ್ಯಾಧಿಕಾರಿ